ಮೈಲಾರಲಿಂಗನ ಖಡ್ಗ

ಮಾಯಕ್ಕ ಕದಿಯಲಿಕ್ಕೇ ಬಂದಿದ್ದಾಳೆ ಎಂಬುದರಲ್ಲಿ ಕಾವಲುಗಾರ ಕಾಸಿಮಸಾಬನಿಗೆ ಅನುಮಾನವಿರಲಿಲ್ಲ. ಅನುಮಾನವೆಲ್ಲಿಂದ ಬಂತು, ಆಕೆಯೇ ಊರೆಲ್ಲ ಡಂಗುರ ಸಾರಿದ್ದಳಲ್ಲ!

ಖಾನಾಪುರದಾಚೆಯ ಗುಡ್ಡದ ಕೋಟೆ ಮ್ಯೂಸಿಯಂ ಆದಾಗ, ತನ್ನ ಮುತ್ತಜ್ಜ ಮೈಲಾರಲಿಂಗನ ಖಡ್ಗವನ್ನು ಕೊಟ್ಟವಳು ಮಾಯಕ್ಕನೇ. ಪ್ರತಿ ಖಂಡೇನವಮಿಗೆ ಮನೆಯಲ್ಲಿ ತೊಳೆದು ಪೂಜಿಸುತ್ತಿದ್ದ ಖಡ್ಗ ಅದು. ಈಗ ಒಳಗೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಹೊರಗೆ ಪಡಸಾಲೆಯ ಕಂಬಕ್ಕೆ ಉದ್ದನೆಯ ಹಲಗೆ: ‘ದರೋಡೆಕೋರ ಮೈಲಾರಲಿಂಗನ ಖಡ್ಗ, ಒಳಗೆ ನೋಡಿರಿ.’

ಬೆಳಗಾವಿಯಿಂದ ಬಂದ ಮ್ಯೂಸಿಯಂ ಸಾಹೇಬರೆದುರು ಮಾಯಕ್ಕ ಸೆರಗು ಬಿಗಿದು ನಿಂತಿದ್ದಳು.

“ಕಂಪನಿ ಸರಕಾರದ ಕೂಡ ಬಡದಾಡಿ ಇದಽ ಕೋಟಿಯೊಳಗ ಸತ್ತಾಂವ ದರೋಡೆಕೋರ ಏನ್ರಿ? ಖಂಡೇನವಮಿ ದಿನ ನಮ್ಮ ಮುತ್ಯಾನ್ನ ಬಿಡಿಸಿಕೊಂಡ ಹೋಗಲಿಲ್ಲಂದ್ರ ನಾ ಮಾಯಕ್ಕನಽ ಅಲ್ಲ!”

ಸಾಹೇಬರು ನಕ್ಕರು. ಆಮೇಲೆ ಕಾಸಿಮಸಾಬನತ್ತ ತಿರುಗಿ, ಖಡ್ಗ ಹೋದರೆ ನೌಕರಿಯೂ ಹೋಯಿತೆಂದು ತಿಳಿ ಎಂದರು.

ಇವತ್ತು ಖಂಡೇನವಮಿ. ಕಾಸಿಮಸಾಬ ಊಟವನ್ನೂ ಬಿಟ್ಟು ಗಾಜಿನ ಪೆಟ್ಟಿಗೆಗೆ ಅಂಟಿ ಕೂತಿದ್ದ. ಮಾಯಕ್ಕ ಟಿಕೀಟು ತೆಗೆಸಿಯೇ ಬಂದಳು. ಗಾಜಿನ ಮೇಲೆ ಚೆಂಡುಹೂವಿಟ್ಟು ಕೈಮುಗಿದಳು, ಹೊರಗೆ ಹೋದಳು. ದಿನದಂತೆ ಕೋಟೆಯೊಳಗೆ ಒಣಸೌದೆ ಆರಿಸಿ ಹೊರೆ ಕಟ್ಟಿದಳು.

ಸಂಜೆ ಬಾಗಿಲು ಹಾಕಿಕೊಂಡು ಬಂದ ಕಾಸಿಮಸಾಬ ಆಕೆಯನ್ನು ಕೋಟೆಯ ಅಗಸೆಬಾಗಿಲಲ್ಲಿ ತಡೆದ.

“ಹೊರಿ ಇಳಸು ಮಾಯಕ್ಕಾ.”

“ಹುಡುಕೋ ತಮ್ಮಾ. ಕಬ್ಬಿಣ ಸಿಕ್ರ ನನ್ನ ಕೈಗೆ ಬೇಡಿ ಹಾಕು.”

ಸಲಾಕೆಯಿಂದ ತಿವಿದ. ಎಲ್ಲಿಯೂ ಠಣ್ ಎನ್ನಲಿಲ್ಲ. ಆದರೂ ನಂಬದೆ ಮತ್ತೆ ಒಳಗೆ ಓಡಿ ನೋಡಿದ. ಖಡ್ಗ ಇದ್ದಲ್ಲೇ ಇತ್ತು. ಮುಖ ಸಣ್ಣದು ಮಾಡಿಕೊಂಡು ಮರಳಿದ.

“ತಪ್ಪ ತಿಳಕೋಬ್ಯಾಡ ಮಾಯಕ್ಕಾ.”

“ಇರಲಿ ಬಿಡೋ. ಹಬ್ಬದ ದಿನ ಹಸಗೊಂಡ ಹೋಗತಿ? ನಡಿ, ಮನ್ಯಾಗ ಚಾ ಕುಡದ ಹೋಗು.”

ಮನೆ ಗುಡ್ಡದ ಬುಡದಲ್ಲೇ. ಹೊರೆ ಬಿಚ್ಚಿ ಒಲೆ ಹೊತ್ತಿಸಿದಳು. ಹೋಳಿಗೆ ಕೊಟ್ಟಳು, ಬಿಸಿ ಚಹಾ ಕೊಟ್ಟಳು. ಜೀವ ಹಗುರಾದ ಕಾಸಿಮಸಾಬನಿಗೆ ಚೇಷ್ಟೆ ಮಾಡುವ ಮನಸ್ಸಾಯಿತು.

“ಖಡ್ಗ ಬಿಟ್ಟ ಬಂದ್ಯಲ್ಲ, ನಿನ್ನ ಹಠ ಎಲ್ಲಿ ಹೋತು?”

“ಖಡ್ಗ ಯಾರಿಗೆ ಬೇಕಾಗಿತ್ತೋ? ನಾಕ ಮಂದಿ ನೋಡ್ಲಿ ಅಂತ ಕೊಟ್ಟಾಕಿ ನಾನಽ. ತಗೋ, ನಿನ್ನ ನೌಕರಿಗೆ ಕುತ್ತ ಬರಬಾರ್ದು. ಹೊಳ್ಳಿ ಅಲ್ಲೇ ತೂಗಹಾಕು.”

ಒಲೆಯಿಂದ ಒಂದು ಉದ್ದನೆಯ ಹಲಗೆ ಎಳೆದು, ಉರಿಯುವ ತುದಿಗೆ ನೀರು ಚಿಮುಕಿಸಿ ಅವನ ಕೈಗಿತ್ತಳು. ಮೊದಲ ಪದ ಸುಟ್ಟು ಬೂದಿಯಾಗಿತ್ತು. ಉಳಿದದ್ದು ಇಷ್ಟೇ: ‘ಮೈಲಾರಲಿಂಗನ ಖಡ್ಗ, ಒಳಗೆ ನೋಡಿರಿ.’