ಬರೋಕೆ ಏಳು ಗಂಟೆ

ಈಗಲೂ ಸೂಟ್‌ಕೇಸ್ ತೆರೆದಾಗ ಹುಳಿಪುಡಿಯ ಘಮ ಬಂದರೆ ಬುಕಿತ್ ಬಾಟೋಕ್‌ನ ನಮ್ಮ ಫ್ಲ್ಯಾಟಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ಬೆಳಿಗ್ಗೆಯಷ್ಟೇ ಬೆಂಗಳೂರಿನಿಂದ ಸಿಂಗಪುರಕ್ಕೆ ಮರಳಿದ್ದೆವು. ಟಿಕೆಟ್‌ಗಳಲ್ಲಿದ್ದ ಸಮಯ ನೋಡುತ್ತಾ ಕೇಳಿದೆ: “ಅಪ್ಪಾ, ಹೋಗೋಕೆ ಎರಡೇ ಗಂಟೆ, ಬರೋಕೆ ಏಳು. ಹೆಂಗೆ?”

ಅಪ್ಪ ಪರದೆ ಎಳೆದು, ಕಿತ್ತಳೆಹಣ್ಣಿಗೆ ಟಾರ್ಚ್ ಬಿಟ್ಟು, ಸಿಂಗಪುರದ ಗಡಿಯಾರ ಬೆಂಗಳೂರಿನದಕ್ಕಿಂತ ಎರಡೂವರೆ ಗಂಟೆ ಮುಂದೆ ಎಂದು ತೋರಿಸಿದರು. “ಫ್ಲೈಟ್ ಟೈಮ್ ಎರಡೂ ಕಡೆ ನಾಲ್ಕೂವರೆ ಗಂಟೇನೇ ಕಣೇ. ದೂರಾನೂ ಸೇಮ್.”

ಅಮ್ಮ ಸೀರೆಗಳ ನಡುವಿನಿಂದ ಅಜ್ಜಿ ಕಟ್ಟಿಕೊಟ್ಟ ಹುಳಿಪುಡಿಯ ಪೊಟ್ಟಣ ತೆಗೆದು ಮೂಸಿ, ಮತ್ತೆ ಸೀರೆಯೊಳಗೇ ಇಟ್ಟಳು. “ಅವಳ ಲೆಕ್ಕಾನೇ ಸರಿ ಇದೆ, ಬಿಡಿ,” ಎಂದಳು.

ನನಗೆ ಅನುಮಾನ ಬಂತು. ಅಟ್ಲಾಸ್ ಬಿಡಿಸಿ, ಸ್ಕೇಲ್ ಇಟ್ಟು, ಎರಡೂ ಕಡೆಯಿಂದ ಅಳೆದೆ. ಒಂದೇ ಇತ್ತು. ಅಮ್ಮನಿಗೆ ಮಾತ್ರ ಹೇಳಲಿಲ್ಲ.