ಡಬ್ಬಿಯಲ್ಲಿದ್ದ ಕಫ

ಬೀಡಿ ಬಿಡಲಾಗದ ಗೆಳೆಯನೊಬ್ಬ ನಿಮಗಿದ್ದರೆ ಇದನ್ನು ಅವನಿಗೂ ಓದಿ ಹೇಳಿ...

ಗದಗದಲ್ಲಿ ಮೌನೇಶ ಎಂಬವನದು ಒಂದು ಕಟಿಂಗ್ ಶಾಪ್. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಬಾಯಲ್ಲಿ ಮಾತಿಲ್ಲದಾಗ ಬೀಡಿ.

ಮೂವತ್ತು ವರ್ಷ ಸೇದಿ ದಮ್ಮು ಹತ್ತಿತ್ತು. ಡಾಕ್ಟರು ಬಾಯಿಂದ ಎಳೆದುಕೊಳ್ಳುವ ಪಂಪು ಕೊಟ್ಟಿದ್ದರು. ಕೆಮ್ಮು ಹೆಚ್ಚಾದಾಗಲೂ "ಇದು ಬೀಡಿ ಕೆಮ್ಮು" ಎಂದು ನಕ್ಕುಬಿಡುತ್ತಿದ್ದ.

ತೂಕ ಇಳಿಯಿತು... ಸಂಜೆಯಾದರೆ ಜ್ವರ...

ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಕಫ ತೆಗೆದು ತನ್ನಿ ಎಂದರು.

ಅದು ಟಿಬಿ ಪರೀಕ್ಷೆ ಎಂದು ಮೌನೇಶನಿಗೆ ತಿಳಿಯಿತು. ಟಿಬಿ ಅಂತ ಗೊತ್ತಾದರೆ ಯಾವ ಗಿರಾಕಿ ಅವನಿಗೆ ಮುಖ ಕೊಟ್ಟು ಕೂರುತ್ತಾನೆ? ಅಂಗಡಿ ಮುಚ್ಚಿದ ಹಾಗೆಯೇ.

ಆಗ ಅತಿಬುದ್ಧಿ ಓಡಿಸಿದ. ಹೆಂಡತಿ ನೀಲವ್ವ ಬೀಡಿ ಮುಟ್ಟಿದವಳಲ್ಲ. ಹದಿನೈದು ದಿನದಿಂದ ಅವಳಿಗೂ ಸಣ್ಣ ಕೆಮ್ಮಿತ್ತು, ನೆಗಡಿಯದೆಂದು ಇಬ್ಬರೂ ಸುಮ್ಮನಿದ್ದರು.

ನಿನ್ನ ಕಫ ಕೊಡು, ಅಂಗಡಿ ಉಳಿಯಲಿ ಎಂದು ಕಾಡಿದ. ಅವಳು ಬೇಡ ಬೇಡ ಎನ್ನುತ್ತಲೇ ಕೊಟ್ಟಳು.

ರಿಪೋರ್ಟ್ ಬಂತು... ಟಿಬಿ ಇದೆ!

ಕಾಗದದ ಮೇಲೆ ಅವನ ಹೆಸರು. ರೋಗ ನೀಲವ್ವನದು...

ಬಾಯಿ ಬಿಟ್ಟರೆ ಮಾಡಿದ ಮೋಸ ಬಯಲು. ಬಿಡದಿದ್ದರೆ ಮಾತ್ರೆ ಇವನಿಗೆ, ಸಾವು ಅವಳಿಗೆ. ಅದಕ್ಕೂ ದೊಡ್ಡ ಸಂಕಟ ಬೇರೆಯಿತ್ತು. ಮನೆಯಲ್ಲಿ ವರ್ಷಗಟ್ಟಲೆ ಕೆಮ್ಮಿದವನು ಯಾರು?

ಒಂದು ತಾಸು ಆಸ್ಪತ್ರೆಯ ಬೆಂಚಿನ ಮೇಲೆ ಕೂತ. ಎದ್ದು ಹೊರಗೆ ಹೋದ, ಮತ್ತೆ ಒಳಗೆ ಬಂದ. ಓಡಿಹೋಗಲು ದಾರಿಯೇ ಇರಲಿಲ್ಲ.

ಕೊನೆಗೆ ಡಾಕ್ಟರ ಮುಂದೆ ಕೈ ಮುಗಿದ.

"ಸಾಹೇಬ್ರ, ಆ ಕಫ ನಂದಲ್ರೀ... ನಮ್ಮ ಮನೀಯಾಕಿದು. ಮೊದ್ಲ ಅಕೀನ್ನ ನೋಡ್ರಿ."

ಡಾಕ್ಟರು ಬೈಯಲಿಲ್ಲ. ಇಬ್ಬರನ್ನೂ ಪರೀಕ್ಷಿಸಿದರು. ಇಬ್ಬರಿಗೂ ಟಿಬಿ.

ರೋಗ ಒಂದೇ, ಎಕ್ಸ್‌ರೇ ಮಾತ್ರ ಬೇರೆ ಬೇರೆ. ಅವಳ ಎದೆಯಲ್ಲಿ ಒಂದು ಮೂಲೆಯಲ್ಲಷ್ಟೇ ಕಲೆ. ಇವನದರಲ್ಲಿ ಎರಡೂ ಕಡೆ ತೂತು. ಬೀಡಿ ಮತ್ತು ದಮ್ಮಿನಿಂದ ಮೊದಲೇ ಸೋತ ಶ್ವಾಸಕೋಶಕ್ಕೆ ಟಿಬಿ ಜೋರಾಗಿಯೇ ಹೊಡೆಯುತ್ತದೆ, ಗುಣವಾದರೂ ಗಾಯದ ಗುರುತು ಉಳಿಯುತ್ತದೆ ಎಂದರು ಡಾಕ್ಟರು.

ಆರು ತಿಂಗಳು ಇಬ್ಬರೂ ಮಾತ್ರೆ ನುಂಗಿದರು. ಬೀಡಿ ಬಿಟ್ಟ. ನೀಲವ್ವ ಪೂರ್ತಿ ಚೇತರಿಸಿಕೊಂಡಳು.

ಮೌನೇಶನೂ ಟಿಬಿಯಿಂದ ಪಾರಾದ. ಗಿರಾಕಿಗಳೂ ಬಂದರು. ಆದರೆ ಒಂದು ತಲೆ ಮುಗಿಸುವಷ್ಟರಲ್ಲಿ ಎರಡು ಸಲ ಕೂತು ಏದುಸಿರು ಬಿಡುತ್ತಾನೆ...

ಅಂಗಡಿಯ ಆಸೆಗೆ ನಿನ್ನನ್ನೇ ಕಳೆದುಕೊಳ್ಳುತ್ತಿದ್ದೆ ಎಂದು ಒಂದು ದಿನ ಅವಳ ಮುಂದೆ ಅತ್ತುಬಿಟ್ಟ.

ನೀಲವ್ವ ಅವನ ಬೆನ್ನು ಸವರುತ್ತಾ ಹೇಳಿದಳು:

"ಅಂಗಡಿ ಹೋದ್ರ ಇನ್ನೊಂದು ಇಡ್ತಿದ್ವಿ... ಈ ಉಸಿರು ಎಲ್ಲಿಂದ ತರೂಣ್ರಿ?"



ಮುಚ್ಚಿಟ್ಟ ಕೆಮ್ಮು ಮುಚ್ಚಿಟ್ಟವನ ಎದೆಯಲ್ಲಷ್ಟೇ ಉಳಿಯುವುದಿಲ್ಲ.

ಎರಡು ವಾರ ದಾಟಿದ ಕೆಮ್ಮು ನಿಮ್ಮ ಮನೆಯಲ್ಲೂ ಇದೆಯೇ... ಅದಕ್ಕೆ ನೀವು ಯಾವ ನೆಪ ಹೇಳುತ್ತಿದ್ದೀರಿ?