ಗೂಡಿನಲ್ಲಿಟ್ಟ ಕಡಗ

ಯುದ್ಧದ ಸುದ್ದಿ ಊರಿಗೆ ಮೊದಲು ಮುಟ್ಟುವುದು ಹೆಂಗಸರ ಕಡಗಗಳಿಂದ. ಗಡಿಯಲ್ಲಿ ಗಂಡನಿಗೆ ಪೆಟ್ಟಾದರೆ ಅರ್ಧ ನೋವು ಕಡಗ ತೊಟ್ಟ ಹೆಂಡತಿಗೆ ಬರುತ್ತದೆ. ಉಳಿದರ್ಧವನ್ನು ಅವನು ಹೇಗೋ ತಾಳಿಕೊಳ್ಳುತ್ತಾನೆ. ಅವನು ಬದುಕಿರುವತನಕ ಕಡಗ ಬೆಚ್ಚಗಿರುತ್ತದೆ.

ಆ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಒಮ್ಮೆಲೇ ಚೀರಿದರು. ಅವರ ಗಂಡಂದಿರೆಲ್ಲ ಒಂದೇ ತುಕಡಿಯವರು. ಕಾಶವ್ವನ ಗಂಡ ಸಂಗನಬಸುವೂ ಅದರಲ್ಲೇ ಇದ್ದ. ಕಾಶವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

ಅತ್ತೆ ಓಡಿ ಬಂದಳು. "ನಿನಗೇನಾರ ಬಂತೇನವ್ವಾ?"

"ಇಲ್ರಿ ಅತ್ತಿ. ಏನೂ ಬಂದಿಲ್ರಿ."

"ನನ್ನ ಮಗಾ ಉಳದಾ!" ಮುದುಕಿ ದೇವರ ಮುಂದೆ ಬೆಲ್ಲ ಇಡಲು ಒಳಗೆ ಹೋದಳು.

ಕಾಶವ್ವ ಸುಳ್ಳು ಹೇಳಿರಲಿಲ್ಲ. ರೊಟ್ಟಿ ಬಡಿಯುವಾಗ ಬಳೆಗಳನ್ನು ಮೇಲಕ್ಕೆ ಸರಿಸಬಹುದು, ಕಡಗ ಸರಿಯುವುದಿಲ್ಲ, ಹಿಟ್ಟು ಮೆತ್ತುತ್ತದೆ. ಅದಕ್ಕೇ ದಿನಾ ಅದನ್ನು ತೆಗೆದು ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಇವತ್ತೂ ಇಟ್ಟಿದ್ದಳು. ಅವಳ ಪಾಲಿನ ನೋವನ್ನೂ ಅವನೊಬ್ಬನೇ ತಿಂದಿದ್ದ.

ಹಿಟ್ಟಿನ ಕೈಯಲ್ಲೇ ಕಡಗ ತೊಟ್ಟಳು. ಎಷ್ಟಾದರೂ ಬರಲಿ ಎಂದು ಕಣ್ಣು ಮುಚ್ಚಿ ಕಾದಳು. ಓಣಿಯಲ್ಲಿ ಇನ್ನೂ ನರಳಾಟ ಕೇಳುತ್ತಿತ್ತು. ಅವಳ ಕಡಗ ತಣ್ಣಗಿತ್ತು.

"ಬಾಯಿ ತೆರಿಯವ್ವಾ," ಎಂದು ಅತ್ತೆ ನಗುತ್ತ ಬೆಲ್ಲದ ಚೂರು ಮುಂದೆ ಹಿಡಿದಳು.

ಕಾಶವ್ವ ಬಾಯಿ ತೆರೆದಳು.